ಬೆಳ್ಳುಳ್ಳಿ, ಬೀಟ್‌ರೂಟ್ ಎಂದ ಆರೋಗ್ಯ ಸಚಿವೆಯ ಪರವಾಗಿ ನಾನು ಏನು ಮಾತನಾಡಲಿ?

ದೇರಳಕಟ್ಟೆ ಹಾಸ್ಟೆಲ್ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ನರ್ಸಿಂಗ್ ಮೂರನೆಯ ವರ್ಷದ ವಿದ್ಯಾರ್ಥಿನಿ. ಡಿಸೆಂಬರ್ 1ರ ವಿಶ್ವ ಏಡ್ಸ್ ದಿನಕ್ಕೆ ನಮ್ಮಲ್ಲಿ ಚರ್ಚಾಸ್ಪರ್ಧೆ ಇದೆ. ವಿಷಯ: ದಕ್ಷಿಣ ಆಫ್ರಿಕಾದಲ್ಲಿ 1999ರಿಂದ 2008ರವರೆಗೆ ಆರೋಗ್ಯ ಸಚಿವೆಯಾಗಿದ್ದ ಡಾ. ಮಾಂಟೊ ಶಬಲಾಲಾ-ಎಂಸಿಮಾಂಗ್ ಅವರು ಎಚ್‌ಐವಿ ಔಷಧಗಳ ಬಗ್ಗೆ ತಳೆದ ಸಂಶಯದ ನಿಲುವು ಸರಿಯೇ, ತಪ್ಪೇ? ಚೀಟಿ ಎತ್ತಿದಾಗ ನನಗೆ ಬಂದದ್ದು ಪರ ಪಕ್ಷ. ಐದು ನಿಮಿಷ ಅವರನ್ನು ಸಮರ್ಥಿಸಿ ಮಾತನಾಡಬೇಕು.

ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಒಂದು ಕಡೆ ಅವರು ಸ್ವತಃ ವೈದ್ಯೆ, ವರ್ಣಭೇದದ ಸರಕಾರದ ವಿರುದ್ಧ ನಿಂತು ಹರೆಯದಲ್ಲೇ ದೇಶ ಬಿಟ್ಟವರು. ಇನ್ನೊಂದು ಕಡೆ ಎಚ್‌ಐವಿ ಇರುವವರಿಗೆ ಬೆಳ್ಳುಳ್ಳಿ, ಬೀಟ್‌ರೂಟ್, ನಿಂಬೆಹಣ್ಣು ತಿನ್ನಲು ಹೇಳಿ ಜಗತ್ತಿನ ಪತ್ರಿಕೆಗಳಿಂದ 'ಡಾಕ್ಟರ್ ಬೀಟ್‌ರೂಟ್' ಎಂಬ ಅಡ್ಡಹೆಸರು ಪಡೆದವರು. ಬಂಟ್ವಾಳದ ನನ್ನ ಅಜ್ಜಿಯೂ ಶೀತವಾದರೆ ಬೆಳ್ಳುಳ್ಳಿ ಸುಟ್ಟು ಕೊಡುತ್ತಾರೆ. ಚೆನ್ನಾಗಿ ತಿನ್ನಿ ಎಂದದ್ದರಲ್ಲಿ ತಪ್ಪೇನು ಎಂದು ನನ್ನ ಕೋಣೆಯವರೆಲ್ಲ ಕೇಳುತ್ತಿದ್ದಾರೆ. ಆ ಕಾಲವನ್ನು ಬಲ್ಲವರು, ಆ ಕೆಲಸದಲ್ಲಿ ಇದ್ದವರು ಯಾರಾದರೂ ಹೇಳುವಿರಾ? ಸುಳ್ಳು ಹೇಳಿ ಗೆಲ್ಲುವ ಮನಸ್ಸು ನನಗಿಲ್ಲ.

ಹಳೆಯ ನಾವಿಕ, ಸುರತ್ಕಲ್

ತಂಗಿ, ನಾನು ವೈದ್ಯಕೀಯ ಬಲ್ಲವನಲ್ಲ. ಸರಕು ಹಡಗಿನ ಎಂಜಿನ್ ವಿಭಾಗದಲ್ಲಿ ದುಡಿದವನು. ನೀವು ಹೇಳುವ ಆ ವರ್ಷಗಳಲ್ಲಿ ಡರ್ಬನ್ ಬಂದರಿಗೆ ಐದಾರು ಬಾರಿ ಹೋಗಿದ್ದೇನೆ. ನಮ್ಮ ಹಡಗಿಗೆ ತರಕಾರಿ, ಮಾಂಸ ತರುತ್ತಿದ್ದ ವ್ಯಾನಿನ ಚಾಲಕ ಶನಿವಾರ ಮಾತ್ರ ಬರುತ್ತಿರಲಿಲ್ಲ. ಏಕೆಂದು ಕೇಳಿದ್ದಕ್ಕೆ, ಶನಿವಾರ ನಮ್ಮ ಕಡೆ ಮಣ್ಣು ಕೊಡುವ ದಿನ, ಪ್ರತಿ ವಾರವೂ ಯಾರಾದರೊಬ್ಬರು ಇದ್ದೇ ಇರುತ್ತಾರೆ ಎಂದ. ಯಾವ ಕಾಯಿಲೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವನಿಗೆ ಆಗ ಮೂವತ್ತು ದಾಟಿರಲಿಲ್ಲ. ಮಣ್ಣಾಗುತ್ತಿದ್ದವರೂ ಅವನ ಓರಗೆಯವರೇ.

ಪರ ಪಕ್ಷಕ್ಕೆ ಬೇಕಾದದ್ದನ್ನು ಹೇಳುತ್ತೇನೆ. ಮಾಂಟೊ ಹುಟ್ಟಿದ್ದು 1940ರಲ್ಲಿ. ಫೋರ್ಟ್ ಹೇರ್ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿ, ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಗುಟ್ಟಾಗಿ ಹೊರದೇಶಕ್ಕೆ ಕಳುಹಿಸಿದ ತರುಣರ ಗುಂಪಿನಲ್ಲಿ 1962ರಲ್ಲಿ ಗಡಿ ದಾಟಿದರು. ಲೆನಿನ್‌ಗ್ರಾಡ್‌ನಲ್ಲಿ ವೈದ್ಯಕೀಯ ಓದಿದರು, ಟಾಂಜಾನಿಯಾದಲ್ಲಿ ಹೆರಿಗೆ ಶಾಸ್ತ್ರ ಕಲಿತರು, ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಮೂರು ದಶಕಕ್ಕೆ ಹತ್ತಿರ ಸ್ವಂತ ನೆಲ ತುಳಿಯಲಿಲ್ಲ. 1994ರಲ್ಲಿ ಸಂಸದೆ, 1996ರಲ್ಲಿ ನ್ಯಾಯಖಾತೆಯ ಉಪಮಂತ್ರಿ, 1999ರಲ್ಲಿ ಅಧ್ಯಕ್ಷ ಥಾಬೊ ಎಂಬೆಕಿ ಅವರ ಸಂಪುಟದಲ್ಲಿ ಆರೋಗ್ಯ ಸಚಿವೆ.

ಬಿಳಿಯರ ಔಷಧದ ಬಗ್ಗೆ ಅವರಿಗಿದ್ದ ಸಂಶಯ ಆಕಾಶದಿಂದ ಉದುರಿದ್ದಲ್ಲ. ವರ್ಣಭೇದದ ಸರಕಾರ ರಾಸಾಯನಿಕ ಮತ್ತು ಜೈವಿಕ ಅಸ್ತ್ರಗಳ ಗುಪ್ತ ಯೋಜನೆಯೊಂದನ್ನೇ ನಡೆಸಿತ್ತು. ಅದರ ಮುಖ್ಯಸ್ಥನಾಗಿದ್ದ ವೂಟರ್ ಬಾಸನ್ ಒಬ್ಬ ವೈದ್ಯ. ಅವನ ವಿಚಾರಣೆ ಶುರುವಾದದ್ದು 1999ರಲ್ಲಿ, ಮಾಂಟೊ ಸಚಿವೆಯಾದ ವರ್ಷವೇ. ದಿನಾ ಬೆಳಗಾದರೆ ಇಂಥದ್ದನ್ನು ಪತ್ರಿಕೆಯಲ್ಲಿ ಓದುವ ಕರಿಯ ಜನರಿಗೆ, ಈ ಮಾತ್ರೆ ನುಂಗಿ ಎಂದರೆ ನಂಬಿಕೆ ಎಲ್ಲಿಂದ ಬರಬೇಕು? ಇದನ್ನು ನೀವು ಧೈರ್ಯವಾಗಿ ಹೇಳಬಹುದು.

ನಿವೃತ್ತ ಸಮಾಲೋಚಕಿ, ಉಡುಪಿ

ಮಗೂ, ನಿನ್ನ ಪ್ರಶ್ನೆಯನ್ನು ರಾತ್ರಿ ಮಲಗುವ ಮುಂಚೆ ಓದಿದೆ. ಮತ್ತೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಬರೆಯುತ್ತಿದ್ದೇನೆ, ಉದ್ದವಾದರೆ ಬೇಸರಿಸಬೇಡ.

ನಾನು ಕರಾವಳಿಯ ಸರಕಾರಿ ಆಸ್ಪತ್ರೆಗಳಲ್ಲಿ ಹದಿನಾಲ್ಕು ವರ್ಷ ಎಚ್‌ಐವಿ ಆಪ್ತ ಸಮಾಲೋಚಕಿಯಾಗಿದ್ದೆ. ಮೊದಲು ಗರ್ಭಿಣಿಯರ ತಪಾಸಣೆಯ ಕೋಣೆಯಲ್ಲಿ, ಆಮೇಲೆ ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ. ಮಾಂಟೊ ಅವರನ್ನು ನಾನು ನೋಡಿದವಳಲ್ಲ. ಆದರೆ ಅವರು ತಡೆದು ನಿಲ್ಲಿಸಿದ ಆ ಔಷಧವನ್ನು ನನ್ನ ಕಣ್ಣೆದುರಿಗೇ ಕೊಡುತ್ತಿದ್ದರು. ಅದೆಷ್ಟು ಎಂದು ನಿನಗೆ ಗೊತ್ತಿರಬೇಕು.

ಹೆಸರು ನೆವಿರಾಪಿನ್. ಆಗಿನ ಕ್ರಮ ಹೀಗಿತ್ತು: ಹೆರಿಗೆ ನೋವು ಶುರುವಾದಾಗ ತಾಯಿಗೆ 200 ಮಿಲಿಗ್ರಾಮಿನ ಒಂದೇ ಒಂದು ಮಾತ್ರೆ. ಮಗು ಹುಟ್ಟಿ 72 ಗಂಟೆಯೊಳಗೆ ಅದಕ್ಕೆ ಕೆಜಿಗೆ 2 ಮಿಲಿಗ್ರಾಮ್ ಲೆಕ್ಕದಲ್ಲಿ ಒಂದು ಸಲ ಸಿರಪ್. ಮೂರು ಕೆಜಿಯ ಮಗುವಾದರೆ 0.6 ಮಿಲಿಲೀಟರ್. ಸೂಜಿ ತೆಗೆದ ಪುಟ್ಟ ಸಿರಿಂಜಿನಲ್ಲಿ ಅಷ್ಟು ಎಳೆದು, ಮಗುವಿನ ಕೆನ್ನೆಯ ಒಳಬದಿಗೆ ಮೆಲ್ಲನೆ ಬಿಡಬೇಕು. ಮಗು ತುಟಿ ಚಪ್ಪರಿಸುತ್ತದೆ, ಹುಬ್ಬು ಗಂಟಿಕ್ಕುತ್ತದೆ, ಮುಗಿಯಿತು. ಉಗಾಂಡಾದ ಕಂಪಾಲಾದಲ್ಲಿ ನಡೆದ ಅಧ್ಯಯನದ ಫಲ 1999ರಲ್ಲಿ ಬಂತು: ಹೋಲಿಕೆಗೆ ಇಟ್ಟುಕೊಂಡಿದ್ದ ಎಝಡ್‌ಟಿ ಎಂಬ ಇನ್ನೊಂದು ಔಷಧದ ಕ್ರಮದಲ್ಲಿ ಮೂರೂವರೆ ತಿಂಗಳ ಹೊತ್ತಿಗೆ ನೂರರಲ್ಲಿ 25 ಶಿಶುಗಳಿಗೆ ಸೋಂಕು ತಗುಲಿದ್ದರೆ, ನೆವಿರಾಪಿನ್‌ನಲ್ಲಿ 13 ಶಿಶುಗಳಿಗೆ. ಸೋಂಕು ತಗುಲಬಹುದಾಗಿದ್ದ ಮಕ್ಕಳಲ್ಲಿ ಅರ್ಧದಷ್ಟು ಉಳಿದರು.

2000ದ ಜುಲೈಯಲ್ಲಿ ತಯಾರಕ ಕಂಪನಿ ಬಡ ದೇಶಗಳಿಗೆ ಐದು ವರ್ಷ ಇದನ್ನು ಉಚಿತವಾಗಿ ಕೊಡುತ್ತೇನೆಂದಿತು. ಉಚಿತವಾಗಿ! ಆಗ ದಕ್ಷಿಣ ಆಫ್ರಿಕಾದ ಸರಕಾರಿ ತಪಾಸಣೆಗೆ ಬರುವ ಗರ್ಭಿಣಿಯರಲ್ಲಿ ನೂರಕ್ಕೆ 24ಕ್ಕೂ ಹೆಚ್ಚು ಮಂದಿಗೆ ಎಚ್‌ಐವಿ ಇತ್ತು. ನಾಲ್ವರಲ್ಲಿ ಒಬ್ಬಳು. ಮಾಂಟೊ ಅವರ ಇಲಾಖೆ ಮಾಡಿದ್ದೇನು? ಪ್ರತಿ ಪ್ರಾಂತ್ಯದಲ್ಲಿ ಎರಡರಂತೆ 18 ಪ್ರಾಯೋಗಿಕ ಕೇಂದ್ರಗಳನ್ನು ಆರಿಸಿತು. ಉಳಿದ ಸರಕಾರಿ ಆಸ್ಪತ್ರೆಗಳ ವೈದ್ಯರ ಕೈ ಕಟ್ಟಿತು. ಸುರಕ್ಷತೆ ಖಚಿತವಾಗಬೇಕು, ವೈರಾಣು ಔಷಧಕ್ಕೆ ಬಗ್ಗದಂತಾಗಬಹುದು, ಸಮಾಲೋಚಕರಿಲ್ಲ ಎಂಬ ಕಾರಣ ಕೊಟ್ಟರು. ವೈರಾಣು ಬಗ್ಗದಂತಾಗುವ ಭಯ ಸುಳ್ಳಲ್ಲ, ಅದು ನಿಜಕ್ಕೂ ಆಗುತ್ತದೆ. ಆದರೆ ಹತ್ತೊಂಬತ್ತನೆಯ ಆಸ್ಪತ್ರೆಯಲ್ಲಿ ನೋವು ತಿನ್ನುತ್ತಿರುವ ತಾಯಿಗೆ ಏನೆಂದು ಹೇಳುವುದು? ನಿನ್ನ ಊರು ಪಟ್ಟಿಯಲ್ಲಿಲ್ಲ ಎಂದೇ? ಆ ಕೋಣೆಯಲ್ಲಿ ಕುಳಿತವಳಾಗಿ ಕೇಳುತ್ತಿದ್ದೇನೆ.

ಅದೇ ಜುಲೈಯಲ್ಲಿ ಡರ್ಬನ್‌ನಲ್ಲಿ ಅಂತಾರಾಷ್ಟ್ರೀಯ ಏಡ್ಸ್ ಸಮ್ಮೇಳನ ನಡೆಯಿತು. ಉದ್ಘಾಟನೆಯ ದಿನ ನ್ಕೋಸಿ ಜಾನ್ಸನ್ ಎಂಬ ಹನ್ನೊಂದು ವರ್ಷದ ಹುಡುಗ, ಹುಟ್ಟುವಾಗಲೇ ಸೋಂಕು ಪಡೆದವನು, ದೊಗಲೆ ಕೋಟು ತೊಟ್ಟು ವೇದಿಕೆಗೆ ಬಂದು, ಗರ್ಭಿಣಿ ತಾಯಂದಿರಿಗೆ ಔಷಧ ಕೊಡಿ ಎಂದು ಸರಕಾರವನ್ನು ಕೇಳಿದ. ಮರುವರ್ಷ ಜೂನ್ 1ರಂದು ತೀರಿಕೊಂಡ. ನಿಮ್ಮ ತರಗತಿಯಲ್ಲಿ ಯಾರಿಗಾದರೂ ಈ ಹುಡುಗನ ಹೆಸರು ಗೊತ್ತಿದೆಯೇ?

ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ಎಂಬ ರೋಗಿಗಳ ಸಂಘಟನೆ ನ್ಯಾಯಾಲಯಕ್ಕೆ ಹೋಯಿತು. 2001ರ ಡಿಸೆಂಬರ್‌ನಲ್ಲಿ ಪ್ರಿಟೋರಿಯಾದ ಹೈಕೋರ್ಟಿನಲ್ಲಿ ಸಚಿವೆ ಸೋತರು. ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ, ಮೇಲ್ಮನವಿ ಹಾಕಿದರು. 2002ರ ಜುಲೈ 5ರಂದು ಸಾಂವಿಧಾನಿಕ ನ್ಯಾಯಾಲಯದಲ್ಲೂ ಸೋತರು. ಉಚಿತವಾಗಿ ಸಿಗುವ 0.6 ಮಿಲಿಲೀಟರಿಗಾಗಿ ತಾಯಂದಿರು ದೇಶದ ಕೊನೆಯ ನ್ಯಾಯಾಲಯದವರೆಗೆ ಹೋಗಬೇಕಾಯಿತು. ಸಚಿವೆಯೋ ಹೆರಿಗೆ ಶಾಸ್ತ್ರ ಓದಿದ ವೈದ್ಯೆ. ನನಗೆ ಅರಗದೆ ಉಳಿದಿರುವುದು ಇದೇ. ತಿಳಿಯದವರು ಮಾಡಿದ್ದಾಗಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಇನ್ನು ಬೆಳ್ಳುಳ್ಳಿ. ನಿನ್ನ ಅಜ್ಜಿ ಕೊಟ್ಟದ್ದು ತಪ್ಪಲ್ಲ. ನಾನೂ ನನ್ನ ರೋಗಿಗಳಿಗೆ ಊಟದ ವಿಷಯ ಹೇಳದೆ ಮಾತ್ರೆ ಕೊಡಿಸಿದವಳಲ್ಲ: ಗಂಜಿಯ ಜೊತೆ ಹೆಸರುಕಾಳು, ಕೈಗೆಟುಕಿದರೆ ಮೊಟ್ಟೆ, ಬೂತಾಯಿ ಅಗ್ಗವಿದ್ದಾಗ ಬೂತಾಯಿ. ಮಾಂಟೊ ಮಾಡಿದ್ದು ಬೇರೆ. ಊಟವನ್ನೂ ಮಾತ್ರೆಯನ್ನೂ ಎದುರುಬದುರು ನಿಲ್ಲಿಸಿ, ಬೇಕಾದದ್ದನ್ನು ಆರಿಸಿಕೊಳ್ಳಿ ಎಂದರು. ಮಾತ್ರೆಯ ಮಾತು ಬಂದಾಗಲೆಲ್ಲ ಅದರ ವಿಷದ ಗುಣವನ್ನೇ ಮುಂದೆ ಮಾಡಿದರು. ಬೆಳ್ಳುಳ್ಳಿಯ ಮಾತು ಬಂದಾಗ ಮುಖ ಅರಳಿಸಿದರು.

ಆ ಕುರ್ಚಿಯಿಂದ ಹೊರಟ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನಾನು ಕಂಡಿದ್ದೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಹೇಳುತ್ತೇನೆ. ನಮ್ಮ ಕೇಂದ್ರಕ್ಕೆ ಮೀನುಗಾರಿಕೆಯ ಊರೊಂದರಿಂದ ಒಬ್ಬ ಹೆಂಗಸು ಬರುತ್ತಿದ್ದರು. ಗಂಡ ತೀರಿಹೋಗಿದ್ದ. ತಿಂಗಳಿಗೆ 60 ಮಾತ್ರೆಯ ಡಬ್ಬಿ, ಬರುವಾಗ ಚಿಕಿತ್ಸೆಯ ದಾಖಲೆಯ ಹಸಿರು ಪುಸ್ತಕದ ಜೊತೆ ಖಾಲಿ ಡಬ್ಬಿ ತರಬೇಕು, ಉಳಿದದ್ದನ್ನು ನಾವು ಎಣಿಸಬೇಕು. ಅವರ ಡಬ್ಬಿ ಯಾವತ್ತೂ ಖಾಲಿಯಾಗಿಯೇ ಬರುತ್ತಿತ್ತು. ಒಂದು ತಿಂಗಳು ಬರಲೇ ಇಲ್ಲ. ಮುಂದಿನ ತಿಂಗಳು ಬಂದರು, ಡಬ್ಬಿ ಮೇಜಿನ ಮೇಲಿಟ್ಟಾಗ ಗಲಗಲ ಸದ್ದಾಯಿತು. ಎಣಿಸಿದೆ, 41 ಉಳಿದಿತ್ತು. ನಾನು ಗದರಲಿಲ್ಲ. ಗದರಿದರೆ ಮತ್ತೆ ಬರುವುದಿಲ್ಲ. ಸುಮ್ಮನೆ ಕುಳಿತೆ. ಬಹಳ ಹೊತ್ತಿನ ಮೇಲೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಹೇಳಿದರು: ಮಾತ್ರೆ ಉಷ್ಣವಂತೆ, ಒಳಗಿನದ್ದನ್ನೆಲ್ಲ ಸುಡುತ್ತದಂತೆ, ಬೆಳ್ಳುಳ್ಳಿ ಹಾಕಿದ ಒಂದು ಕಷಾಯ ಕೊಟ್ಟಿದ್ದಾರೆ, ಅದನ್ನು ಕುಡಿಯುವಾಗ ಮಾತ್ರೆ ತೆಗೆದುಕೊಳ್ಳಬಾರದಂತೆ. ಹೇಳಿದವರು ಯಾರೆಂದರೆ, ಟಿವಿಯಲ್ಲಿ ಮಾತನಾಡುವ 'ದೊಡ್ಡ ಜನ'. ಅಷ್ಟೇ ಸಾಕಾಗಿತ್ತು. ರೋಗ ತಡೆಯುವ ರಕ್ತಕಣಗಳ ಲೆಕ್ಕ, ಅಂದರೆ ಸಿಡಿ4 ಎಣಿಕೆ, 312 ಇದ್ದದ್ದು 96ಕ್ಕೆ ಇಳಿದಿತ್ತು. ಕ್ಷಯ ಹಿಡಿಯಿತು. ಮತ್ತೆ ಮಾತ್ರೆ, ಜೊತೆಗೆ ಕ್ಷಯದ ಮದ್ದು, ಹೇಗೋ ಉಳಿದರು. ಇದು ಟಿವಿಯಲ್ಲಿ ಕಂಡ ಯಾರೋ ಒಬ್ಬರ ಮಾತಿಗೆ ಆದದ್ದು. ಹೇಳುವವರು ದೇಶದ ಆರೋಗ್ಯ ಸಚಿವೆಯೇ ಆಗಿದ್ದರೆ?

2006ರಲ್ಲಿ ಟೊರಾಂಟೊದ ಏಡ್ಸ್ ಸಮ್ಮೇಳನದಲ್ಲಿ ದಕ್ಷಿಣ ಆಫ್ರಿಕಾ ಸರಕಾರದ ಮಳಿಗೆಯಲ್ಲಿ ಬೆಳ್ಳುಳ್ಳಿ, ಬೀಟ್‌ರೂಟ್, ನಿಂಬೆಹಣ್ಣುಗಳನ್ನು ಸಾಲಾಗಿ ಜೋಡಿಸಿದ್ದರು. ವಿಶ್ವಸಂಸ್ಥೆಯ ಆಫ್ರಿಕಾ ಏಡ್ಸ್ ಪ್ರತಿನಿಧಿ ಸ್ಟೀಫನ್ ಲೂಯಿಸ್ ಸಮಾರೋಪದಲ್ಲಿ ಆ ಸರಕಾರವನ್ನು ಹೆಸರು ಹಿಡಿದು ಖಂಡಿಸಿದರು. ಎಂಬತ್ತಕ್ಕೂ ಹೆಚ್ಚು ವಿಜ್ಞಾನಿಗಳು ಸಚಿವೆಯನ್ನು ಕೈಬಿಡಿ ಎಂದು ಎಂಬೆಕಿ ಅವರಿಗೆ ಪತ್ರ ಬರೆದರು. ಕೈಬಿಡಲಿಲ್ಲ. ಹಾರ್ವರ್ಡ್‌ನ ಸಂಶೋಧಕರು 2008ರಲ್ಲಿ ಲೆಕ್ಕ ಹಾಕಿದ್ದನ್ನು ನೀನು ಓದಿರಬೇಕು: 2000ದಿಂದ 2005ರವರೆಗೆ ಔಷಧ ತಡಮಾಡಿದ್ದರಿಂದ ಹೋದ ಜೀವಗಳು 3,30,000ಕ್ಕೂ ಹೆಚ್ಚು, ಸೋಂಕಿನೊಂದಿಗೆ ಹುಟ್ಟಿದ ಮಕ್ಕಳು 35,000.

ಸುರತ್ಕಲ್‌ನ ಅಣ್ಣ ಹೇಳಿದ ಆ ಶನಿವಾರಗಳು ಈ ಲೆಕ್ಕದ ಒಳಗಿವೆ.

ವೈದ್ಯರ ಮನೆ, ಕಾರ್ಕಳ

ಅಮ್ಮ, ನಿಮ್ಮ ಸೇವೆಗೆ ನಮಸ್ಕಾರ. ಆದರೂ ಒಂದು ಮಾತು. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಹಳ್ಳಿಮದ್ದು ಕೊಡುತ್ತ ಬಂದಿದ್ದಾರೆ. ಇಂಥ ಚರ್ಚೆ ಎದ್ದಾಗಲೆಲ್ಲ ಕೊನೆಗೆ ಏಟು ಬೀಳುವುದು ನಮ್ಮ ಮೇಲೆ. ಆ ಸಚಿವೆ ಔಷಧದಲ್ಲಿ ವಿಷವಿದೆ ಎಂದದ್ದು ಪೂರ್ತಿ ಸುಳ್ಳೇ? ಆಗ ಕೊಡುತ್ತಿದ್ದ ಮಾತ್ರೆಗಳಿಂದ ಜನರ ಕೆನ್ನೆ ಬತ್ತಿ, ಕಾಲು ಉರಿದು ನರಳಿದ್ದನ್ನು ನಾನೇ ನೋಡಿದ್ದೇನೆ. ಆ ಉರಿ ತಾಳಲಾರದೆ ನಮ್ಮ ಜಗಲಿಗೆ ಎಣ್ಣೆ ಕೇಳಿಕೊಂಡು ಬಂದವರಿದ್ದಾರೆ. ದೊಡ್ಡ ಕಂಪನಿಗಳು ತಮ್ಮ ಔಷಧದ ದೋಷವನ್ನು ತಾವಾಗಿ ಯಾವತ್ತು ಹೇಳಿವೆ? ತಮ್ಮ ನೆಲದ ಗೆಡ್ಡೆ, ಬೇರು, ಸೊಪ್ಪಿನ ಬಗ್ಗೆ ಒಬ್ಬ ಮಂತ್ರಿ ಹೆಮ್ಮೆಯಿಂದ ಮಾತನಾಡಿದರೆ ಅದನ್ನು ಅಪರಾಧ ಎನ್ನಬೇಕೇ?

ನಿವೃತ್ತ ಸಮಾಲೋಚಕಿ, ಉಡುಪಿ

ಪಂಡಿತರೇ, ನೀವು ಹೇಳಿದ್ದರಲ್ಲಿ ಅರ್ಧಕ್ಕೆ ನಾನೇ ಸಾಕ್ಷಿ. ಆ ಮಾತ್ರೆ ಸ್ಟಾವುಡಿನ್. ನಮ್ಮಲ್ಲೂ ಮೊದಲ ವರ್ಷಗಳಲ್ಲಿ ಹೆಚ್ಚಿನವರಿಗೆ ಅದನ್ನೇ ಕೊಡುತ್ತಿದ್ದೆವು. ಎರಡು ವರ್ಷ ಕಳೆಯುವಾಗ ಕೆನ್ನೆಯ ಮಾಂಸ ಕರಗಿ, ಕಣ್ಣಿನ ಕೆಳಗೆ ಕುಳಿ ಬಿದ್ದು, ಮುಖ ನೋಡಿಯೇ ಊರವರು ಗುರುತು ಹಿಡಿಯುವ ಹಾಗೆ ಆಗುತ್ತಿತ್ತು. ಒಬ್ಬ ಹುಡುಗ ನನ್ನ ಮುಂದೆ ಕುಳಿತು, ಅಕ್ಕ, ಕಾಯಿಲೆಯನ್ನು ಮುಚ್ಚಿಟ್ಟಿದ್ದೆ, ಈ ಮಾತ್ರೆ ಹೊರಗೆ ಹಾಕಿತು ಎಂದು ಅತ್ತಿದ್ದಾನೆ. ಅಂಗಾಲಿನ ಉರಿಗೆ ರಾತ್ರಿ ಒದ್ದೆ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದವರು ಎಷ್ಟೋ ಮಂದಿ. ವಿಶ್ವ ಆರೋಗ್ಯ ಸಂಸ್ಥೆ ಸ್ಟಾವುಡಿನ್ ಬಿಡಿ ಎಂದು ಹೇಳಿದ್ದು 2009ರಲ್ಲಿ. ನಮ್ಮವರ ಡಬ್ಬಿಯಿಂದ ಅದು ಮರೆಯಾಗಲು ಇನ್ನೂ ಸಮಯ ಹಿಡಿಯಿತು. ಆ ತಡಕ್ಕೆ ನನಗೆ ಇಂದಿಗೂ ಸಿಟ್ಟಿದೆ.

ಆದರೆ ಆಗ ನಾವು ಮಾಡಿದ್ದೇನು? ಮಾತ್ರೆ ಬದಲಿಸಿದೆವು, ಮಾತ್ರೆ ನಿಲ್ಲಿಸಲಿಲ್ಲ. ಬದಲಿಸಿದ ಮೇಲೆ ಅದೇ ಹುಡುಗ ಮದುವೆಯಾದ. ಹೆಂಡತಿಗೂ ಎಚ್‌ಐವಿ ಇತ್ತು, ನಮ್ಮಲ್ಲೇ ಪರಿಚಯವಾದವರು. ಮಗು ಹುಟ್ಟಿತು. ಹದಿನೆಂಟನೆಯ ತಿಂಗಳ ರಕ್ತಪರೀಕ್ಷೆಯ ಕಾಗದ ಹಿಡಿದುಕೊಂಡು ಗಂಡ, ಹೆಂಡತಿ, ಅಜ್ಜಿ ಮೂವರೂ ಬಂದರು. ಸೋಂಕಿಲ್ಲ. ಅಜ್ಜಿ ಮಗುವನ್ನು ನನ್ನ ಮಡಿಲಲ್ಲಿ ಕುಳ್ಳಿರಿಸಿ ಮೂಲೆಗೆ ಹೋಗಿ ಕಣ್ಣೊರೆಸಿಕೊಂಡರು.

ನಿಮ್ಮ ಮದ್ದಿನ ಬಗ್ಗೆ ನನಗೆ ದ್ವೇಷವಿಲ್ಲ. ಆದರೆ ಎರಡು ಸಂಗತಿಗಳನ್ನು ನೋಡಿ. 2001ರ ಕೊನೆಗೆ ಅಮೆರಿಕದ ಸಂಶೋಧಕರು ಬೆಳ್ಳುಳ್ಳಿ ಗುಳಿಗೆಯ ಮೇಲೆ ನಡೆಸಿದ ಪರೀಕ್ಷೆಯ ಫಲ ಪ್ರಕಟಿಸಿದರು. ಸಕ್ವಿನಾವಿರ್ ಎಂಬ ಎಚ್‌ಐವಿ ಔಷಧದ ಜೊತೆ ಮೂರು ವಾರ ಅದನ್ನು ಕೊಟ್ಟಾಗ, ರಕ್ತದಲ್ಲಿ ಔಷಧದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಸಾರಿಗೆ ಹಾಕುವ ನಾಲ್ಕು ಎಸಳಿನ ಮಾತಲ್ಲ ಇದು, ಮದ್ದೆಂದು ದಿನವೂ ಗಟ್ಟಿಯಾಗಿ ತೆಗೆದುಕೊಂಡದ್ದರ ಮಾತು. ಇನ್ನೊಂದು, 2007ರಲ್ಲಿ ದಕ್ಷಿಣ ಆಫ್ರಿಕಾದ್ದೇ ವಿಜ್ಞಾನ ಅಕಾಡೆಮಿ ಎಲ್ಲ ಅಧ್ಯಯನಗಳನ್ನು ಜಾಲಾಡಿ, ಔಷಧದ ಜಾಗದಲ್ಲಿ ನಿಲ್ಲಬಲ್ಲ ಆಹಾರ ಯಾವುದೂ ಇಲ್ಲ ಎಂದು ವರದಿ ಕೊಟ್ಟಿತು. ಅವರದೇ ನೆಲದ ವಿದ್ವಾಂಸರು, ಹೊರಗಿನವರಲ್ಲ.

ಮಾಂಟೊ ಹಳ್ಳಿಮದ್ದಿಗಾದರೂ ಉಪಕಾರ ಮಾಡಿದರೇ? ನಿಮ್ಮಂಥವರ ಮದ್ದನ್ನು ಪ್ರಯೋಗಾಲಯಕ್ಕೆ ಒಯ್ದು, ಯಾವುದು ಎಷ್ಟು, ಯಾರಿಗೆ, ಎಷ್ಟು ದಿನ ಎಂದು ನೋಡಿಸಿದ್ದರೆ ಅದು ಗೌರವ. ಅವರ ಕಾಲದಲ್ಲಿ ಮಥಿಯಾಸ್ ರಾತ್ ಎಂಬ ಜರ್ಮನಿಯ ವಿಟಮಿನ್ ವ್ಯಾಪಾರಿ ಕೇಪ್‌ಟೌನಿನ ಬಡವರ ಕೇರಿಗಳಲ್ಲಿ ಎಚ್‌ಐವಿ ರೋಗಿಗಳ ಮೇಲೆ ತನ್ನ ಮಾತ್ರೆಗಳ ಪ್ರಯೋಗ ನಡೆಸಿದ. ಇಲಾಖೆ ತಡೆಯಲಿಲ್ಲ. ಅದು ಕಾನೂನುಬಾಹಿರ ಎಂದು 2008ರಲ್ಲಿ ನ್ಯಾಯಾಲಯ ಹೇಳಬೇಕಾಯಿತು. ಆ ವಿಟಮಿನ್ ಯಾವ ಆಫ್ರಿಕನ್ ಅಜ್ಜಿಯ ಮದ್ದೂ ಅಲ್ಲ. ನೆಲದ ಮದ್ದಿನ ಹೆಸರಿನಲ್ಲಿ ಬಾಗಿಲು ತೆಗೆದಿಟ್ಟಾಗ ಒಳಗೆ ಬಂದವನು ಇಂಥವನು.

ಬಲ್ಮಠ ವಕೀಲ

ತೀರ್ಪಿನ ವಿಷಯ ಬಂದದ್ದರಿಂದ ಚುಟುಕಾಗಿ. ದಕ್ಷಿಣ ಆಫ್ರಿಕಾದ ಸಂವಿಧಾನದ 27ನೆಯ ವಿಧಿ ಆರೋಗ್ಯ ಸೇವೆ ಪಡೆಯುವ ಹಕ್ಕನ್ನು ನೇರವಾಗಿಯೇ ಬರೆದಿದೆ. ಲಭ್ಯ ಸಂಪನ್ಮೂಲದ ಮಿತಿಯಲ್ಲಿ ಸರಕಾರ ಅದನ್ನು ಹಂತಹಂತವಾಗಿ ಈಡೇರಿಸಬೇಕು. ನೀತಿ ರೂಪಿಸುವುದು ಸರಕಾರದ ಕೆಲಸ, ನ್ಯಾಯಾಲಯ ಕೈ ಹಾಕಬಾರದು ಎಂಬುದು ಸಚಿವೆಯ ವಾದವಾಗಿತ್ತು. ನೀತಿ ನಿಮ್ಮದೇ, ಆದರೆ ಅದು ನ್ಯಾಯೋಚಿತವೇ ಎಂದು ನೋಡುವುದು ನಮ್ಮ ಕೆಲಸ ಎಂದು ನ್ಯಾಯಾಲಯ ಹೇಳಿತು. ಔಷಧ ಉಚಿತ, ಪರೀಕ್ಷೆ ಮತ್ತು ಸಮಾಲೋಚನೆಗೆ ಅನುಕೂಲವಿರುವ ಆಸ್ಪತ್ರೆಗಳು 18ಕ್ಕಿಂತ ಹೆಚ್ಚಿವೆ, ಹಾಗಿರುವಾಗ ತಡೆಯುವುದಕ್ಕೆ ಆಧಾರವಿಲ್ಲ ಎಂಬುದು ತೀರ್ಪಿನ ತಿರುಳು.

ನಮ್ಮ ಸಂವಿಧಾನದಲ್ಲಿ ಅಂಥ ಪ್ರತ್ಯೇಕ ವಿಧಿ ಇಲ್ಲ. ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಸಕಾಲದ ಚಿಕಿತ್ಸೆಯನ್ನು 21ನೆಯ ವಿಧಿಯ ಜೀವಿಸುವ ಹಕ್ಕಿನೊಳಗೆ ತಂದಿದೆ. ಚರ್ಚೆಯಲ್ಲಿ ಯಾರಾದರೂ ಭಾರತದ ಮಾತೆತ್ತಿದರೆ ನಿಮಗೆ ಇದು ಉಪಯೋಗಕ್ಕೆ ಬರಬಹುದು.

ದೇರಳಕಟ್ಟೆ ಹಾಸ್ಟೆಲ್

ಎಲ್ಲರಿಗೂ ಕೃತಜ್ಞತೆಗಳು. ಅಮ್ಮ, ನಿಮ್ಮ ಬರಹವನ್ನು ನಮ್ಮ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಮೂವರೂ ಸುಮ್ಮನಾದರು. ಪಕ್ಷ ಬದಲಿಸಿಕೊಡಿ ಎಂದು ಮೇಡಂ ಅವರನ್ನು ಕೇಳಿದೆ, ಚೀಟಿ ಎತ್ತಿದ ಮೇಲೆ ಬದಲಾವಣೆ ಇಲ್ಲ ಎಂದರು. ಈಗ ನಾನು ಆ ಐದು ನಿಮಿಷ ಏನು ಹೇಳಲಿ? ನಿಜವಾದದ್ದು ಅಷ್ಟು ಸಿಗುತ್ತದೆಯೇ?

ನಿವೃತ್ತ ಸಮಾಲೋಚಕಿ, ಉಡುಪಿ

ಸಿಗುತ್ತದೆ ಮಗೂ.

1997ರಲ್ಲಿ ದಕ್ಷಿಣ ಆಫ್ರಿಕಾ ಅಗ್ಗದ ಔಷಧ ತರಿಸಲು ಅನುವಾಗುವ ಕಾನೂನು ಮಾಡಿತು. 39 ಔಷಧ ಕಂಪನಿಗಳು ಒಟ್ಟಾಗಿ ಆ ಸರಕಾರವನ್ನೇ ನ್ಯಾಯಾಲಯಕ್ಕೆ ಎಳೆದವು. ಮಾಂಟೊ ಸಚಿವೆಯಾಗಿದ್ದಾಗಲೇ, 2001ರ ಏಪ್ರಿಲ್‌ನಲ್ಲಿ, ಜಗತ್ತಿನ ಛೀಮಾರಿ ತಾಳಲಾರದೆ ಕಂಪನಿಗಳು ಮೊಕದ್ದಮೆ ಹಿಂತೆಗೆದುಕೊಂಡವು. ಅಂದು ಅವರನ್ನು ಬೆಂಬಲಿಸಿ ಬೀದಿಯಲ್ಲಿ ನಿಂತಿದ್ದವರು ಯಾರು ಗೊತ್ತೇ? ಅದೇ ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್‌ನ ರೋಗಿಗಳು. ಇಷ್ಟನ್ನು ನೀನು ಮನಸ್ಸು ತುಂಬಿ ಹೇಳು. ಖಾಸಗಿ ಔಷಧದಂಗಡಿಗಳಲ್ಲಿ ಒಂದು ಮದ್ದಿಗೆ ಒಂದೇ ಬೆಲೆ ಎಂಬ ನಿಯಮ 2004ರಲ್ಲಿ ಬಂದದ್ದೂ ಅವರ ಕಾಲದಲ್ಲೇ. ನಾವಿಕ ಅಣ್ಣ ಹೇಳಿದ ವನವಾಸದ ವರ್ಷಗಳನ್ನೂ, ಆ ಸಂಶಯದ ಬೇರನ್ನೂ ಹೇಳು. ಸ್ಟಾವುಡಿನ್ ತಿಂದ ಮುಖಗಳನ್ನೂ ಹೇಳು. ಎಲ್ಲ ನಿಜ, ನಾಲ್ಕು ನಿಮಿಷಕ್ಕೆ ಸಾಕು.

ಬೆಳ್ಳುಳ್ಳಿಯನ್ನು ಮಾತ್ರ ಸಮರ್ಥಿಸಬೇಡ. ನೀನು ನಾಳೆ ವಾರ್ಡಿನಲ್ಲಿ ನಿಲ್ಲುವವಳು. ವೇದಿಕೆಯ ಮೇಲೆ ಬಾಯಿಪಾಠ ಮಾಡಿದ ಮಾತು ನಾಲಗೆಯಲ್ಲೇ ಉಳಿದುಬಿಡುತ್ತದೆ.

ಎದುರು ಪಕ್ಷದವರು ಕೇಳಬಹುದಾದದ್ದಕ್ಕೂ ತಯಾರಾಗು. 2001ರ ಫೆಬ್ರುವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅವರು ಮೂರು ಔಷಧಗಳ ಒಂದು ವರ್ಷದ ಚಿಕಿತ್ಸೆಯನ್ನು ಸೇವಾಸಂಸ್ಥೆಗೆ 350 ಡಾಲರಿಗೆ ಕೊಡುತ್ತೇನೆಂದಿದ್ದರು. ಅದುವರೆಗೆ ಅದರ ಬೆಲೆ 10,000 ಡಾಲರಿಗೂ ಮೇಲಿತ್ತು. ಅಗ್ಗದ ಮದ್ದು ಇತ್ತು, ತರಿಸಲು ಕಾನೂನೂ ಗೆದ್ದಿತ್ತು. ಬಾಗಿಲು ತೆರೆಸಿದವರೇ ಹೊಸ್ತಿಲಿಗೆ ಅಡ್ಡ ನಿಂತರು. ಎಲ್ಲರಿಗೂ ಮಾತ್ರೆ ಕೊಡುವ ನಿರ್ಧಾರವನ್ನು ಅವರ ಸಂಪುಟ ಮಾಡಿದ್ದು 2003ರಲ್ಲಿ. ಮಾತ್ರೆ ಬೇಗ ಕೊಡಬೇಕೆಂದು ಬಾಯಿಬಿಟ್ಟು ಹೇಳುತ್ತಿದ್ದ ಉಪಸಚಿವೆ ನೊಜಿಜ್ವೆ ಮದ್ಲಾಲಾ-ರೌಟ್‌ಲೆಜ್ ಅವರನ್ನು 2007ರಲ್ಲಿ ಎಂಬೆಕಿ ತೆಗೆದುಹಾಕಿದರು, ಮಾಂಟೊ ಉಳಿದರು. 2008ರ ಸೆಪ್ಟೆಂಬರಿನಲ್ಲಿ ಎಂಬೆಕಿ ಇಳಿದ ಮೇಲೆಯೇ ಬಾರ್ಬರಾ ಹೋಗನ್ ಆ ಜಾಗಕ್ಕೆ ಬಂದದ್ದು.

ಭಾರತ ಏನು ಮಾಡಿತು ಎಂದು ಕೇಳಿದರೆ ತಲೆ ತಗ್ಗಿಸಿ ಒಪ್ಪಿಕೋ. ಮಾತ್ರೆ ತಯಾರಾಗುತ್ತಿದ್ದದ್ದು ನಮ್ಮಲ್ಲಿ, ಆದರೆ ಸರಕಾರ ಅದನ್ನು ಉಚಿತವಾಗಿ ಕೊಡಲು ಶುರುಮಾಡಿದ್ದು 2004ರ ಏಪ್ರಿಲ್ 1ರಂದು, ಅದೂ ಎಂಟೇ ಆಸ್ಪತ್ರೆಗಳಲ್ಲಿ. ಅದಕ್ಕೂ ಮೊದಲು ನನ್ನ ಮುಂದೆ ಕುಳಿತವರಿಗೆ ಮಾತ್ರೆಯ ಹೆಸರು ಬರೆದುಕೊಟ್ಟು, ಅಂಗಡಿಯಲ್ಲಿ ಕೇಳಿ ನೋಡಿ ಎಂದು ಕಳುಹಿಸಿದ್ದೇನೆ. ಕೊಳ್ಳಲಾರರು ಎಂದು ಗೊತ್ತಿದ್ದೂ ಕಳುಹಿಸಿದ್ದೇನೆ. ಅವರಲ್ಲಿ ಕೆಲವರ ಮುಖ ಇನ್ನೂ ನೆನಪಿದೆ.

ಇನ್ನೊಂದು ಮಾತು, ಇದು ನಿನ್ನ ಎದುರು ಪಕ್ಷದವಳಿಗೂ ಸೇರಿ. ಮಾಂಟೊ ಅವರಿಗೆ 2007ರಲ್ಲಿ ಯಕೃತ್ತಿನ ಕಸಿ ಆಯಿತು. ಪತ್ರಿಕೆಗಳು ಅದರ ಬಗ್ಗೆ ಏನೇನೋ ಬರೆದವು. 2009ರ ಡಿಸೆಂಬರ್ 16ರಂದು ಅದೇ ತೊಡಕಿನಿಂದ ತೀರಿಕೊಂಡರು, 69 ವರ್ಷ. ಅದನ್ನು ವೇದಿಕೆಗೆ ತರಬೇಡಿ, ಯಾರೂ ತರಬೇಡಿ. ಸಚಿವೆ ಮಾಡಿದ ಕೆಲಸಕ್ಕೆ ಸಚಿವೆಯನ್ನು ಕೇಳಬೇಕು, ಹಾಸಿಗೆ ಹಿಡಿದವರ ಕಾಯಿಲೆಯನ್ನು ಎತ್ತಿ ಆಡಬಾರದು. ಹದಿನಾಲ್ಕು ವರ್ಷ ನಾನು ಊರಿನ ಬಾಯಿಗೆ ಕೈ ಅಡ್ಡ ಹಿಡಿದದ್ದು ಇದಕ್ಕಾಗಿಯೇ.

ಭಾನುವಾರ ಉಡುಪಿಗೆ ಬರಲು ಆಗುತ್ತದೆಯೇ? ಸಿಟಿ ಬಸ್ ನಿಲ್ದಾಣದ ಹತ್ತಿರ ಬಂದು ಇಲ್ಲೇ ಖಾಸಗಿ ಸಂದೇಶ ಹಾಕು, ನಾನು ಬರುತ್ತೇನೆ. ನನ್ನ ಹಳೆಯ ಚೀಲದಲ್ಲಿ ಬಳಸದ ಒಂದು ಮಿಲಿಲೀಟರಿನ ಸಿರಿಂಜ್ ಒಂದಿದೆ. 0.6ರ ಗೆರೆಯವರೆಗೆ ನೀರು ಎಳೆದು ತೋರಿಸುತ್ತೇನೆ. ಅದನ್ನು ನೀನು ಇಟ್ಟುಕೊಳ್ಳಬೇಡ, ಒಯ್ದು ನಿನ್ನ ಎದುರು ಪಕ್ಷದ ಹುಡುಗಿಗೆ ಕೊಡು.